ಹಿಂಬದಿಯ ರಟ್ಟು

ಬಳೇಪೇಟೆಯ ಒಳಗಲ್ಲಿಯಲ್ಲಿ ನಮ್ಮದು ಫೋಟೋಕ್ಕೆ ಕಟ್ಟು ಹಾಕುವ ಅಂಗಡಿ,
ಅಪ್ಪನ ಕಾಲದ್ದು. ಗಾಜು ಕೊಯ್ಯುವ ವಜ್ರದ ಮೊನೆಯೂ ಅವನದೇ,
ಅರ್ಧ ಸವೆದಿದೆ.
ನಿನ್ನೆ ಸಂಜೆ ಮುನಿತಾಯಮ್ಮನ ಮೊಮ್ಮಗಳು
ಹಳೇ ಕಟ್ಟೊಂದನ್ನು ಸೀರೆಯ ತುಂಡಲ್ಲಿ ಸುತ್ತಿ ತಂದಳು.
"ಗಾಜು ಒಡೆದಿದೆ, ಅಷ್ಟು ಬದಲಿಸಿ. ಬೇರೇನೂ ಮುಟ್ಟಬೇಡಿ."

ಮುಟ್ಟದೆ ಹೇಗೆ ಬದಲಿಸುವುದು?

ಮೊಳೆ ಕಿತ್ತೆ.
ಎಲ್ಲರ ಮುಂದೆ ತಿಮ್ಮಪ್ಪ, ನಾಮ ಮಾಸಿದೆ.
ಅವನ ಬೆನ್ನಿಗೆ ಖಾದಿ ಟೋಪಿಗಳ ಒಂದು ಗುಂಪು,
ಮೆಟ್ಟಿಲ ಮೇಲೆ ನಿಂತು ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಮಂತ್ರಿಗಳು.
ಅವರ ಬೆನ್ನಿಗೆ ಮಹಾರಾಜರು,
ಪೇಟ, ಮುತ್ತಿನ ಸರ, ಕೆನ್ನೆಯಲ್ಲಿ ಗೆದ್ದಲು ತೋಡಿದ ಸಣ್ಣ ಕೆರೆ.
ಮಹಾರಾಜರ ಬೆನ್ನಿಗೆ, ರಟ್ಟಿರಬೇಕಾದ ಜಾಗದಲ್ಲಿ,
ರೇಷನ್ ಕಾರ್ಡು.

ಅಪ್ಪ ಹೇಳುತ್ತಿದ್ದ:
ಆ ವರ್ಷ ಮಿಲ್ಲಿನಲ್ಲಿ ಗಜಗಟ್ಟಲೆ ನೇಯ್ದವರು
ಒಂದೇ ಪಂಚೆಯನ್ನು ಅಣ್ಣತಮ್ಮ ಹಂಚಿ ಉಡುತ್ತಿದ್ದರು,
ಹಗಲು ಪಾಳಿ ಇವನಿಗೆ, ರಾತ್ರಿ ಪಾಳಿ ಅವನಿಗೆ.
ಸೇರು ರಾಗಿಯಲ್ಲಿ ಪಾವು ಕಲ್ಲು.
ಆದರೂ ಯಾರೂ ದೊರೆಯನ್ನು ಬೈಯಲಿಲ್ಲ.
"ಬುದ್ಧಿಯೋರಿಗೆ ತಿಳೀದು, ತಿಳಿದರೆ ಸುಮ್ಮನಿದ್ದಾರಾ?"
ಎಲ್ಲ ನಡುವಿನವರದ್ದು: ದಿವಾನರು, ಅಮಲ್ದಾರರು, ತಕ್ಕಡಿಯ ಕಲ್ಲು.
ಹಾಗೆ ಅಂದುಕೊಂಡೇ ಒಂದು ದಿನ
ತಿಳಿಸಲು ಹೊರಟರು.

ಮುನಿತಾಯಮ್ಮನ ತಮ್ಮ ರಾಜಪ್ಪ,
ವರ್ಧಂತಿಯ ದಿನ ಹುಟ್ಟಿದನೆಂದು ಆ ಹೆಸರು,
ಶಾಲೆಯಲ್ಲಿ ಅವತ್ತು ಹಂಚುವ ಲಾಡು ತನ್ನ ಹುಟ್ಟುಹಬ್ಬಕ್ಕೇ
ಎಂದು ಏಳು ವರ್ಷ ನಂಬಿದ್ದವನು,
ಗೇಟಿನ ಮುಂದೆ ಯಾರದೋ ಹೆಗಲೇರಿ ಕೂಗಿದ:
"ಜವಾಬ್ದಾರಿ ಸರ್ಕಾರ!"
ಅದರ ಅರ್ಥ ಬಲ್ಲವರು ಹತ್ತು ಮಂದಿ ಇದ್ದಿರಬಹುದು.
ಮಿಕ್ಕವರಿಗೆ ರಾಗಿ ಎಂದು ಕೇಳಿಸಿತು.
ತಪ್ಪೇನೂ ಕೇಳಿಸಲಿಲ್ಲ.

ಕುದುರೆಗಳು ಬಂದವು. ಲಾಳ ಜಾರಲೆಂದು
ಹುಡುಗರು ರಸ್ತೆಗೆ ಗೋಲಿ ಚೆಲ್ಲಿದರು.
ಅತ್ತಲಿಂದ ಗುಂಡು ಬಂತು.
ನನ್ನಪ್ಪ ಹೊರಗೆ ಹೋಗಲಿಲ್ಲ, ಸುಳ್ಳೇಕೆ ಹೇಳಲಿ,
ಬಾಗಿಲು ಹಾಕಿ ಒಳಗೆ ಕೂತ.
ದಸರೆಗೆಂದು ಕಟ್ಟು ಹಾಕಿಟ್ಟ ಮೂವತ್ತಾರು ಮಹಾರಾಜರು
ಗೋಡೆಯ ಮೇಲೆ,
ಸದ್ದಿಗೆ ಅಷ್ಟೂ ಗಾಜು ಒಟ್ಟಿಗೆ ನಡುಗಿತಂತೆ.

ಗೆದ್ದರು. ಜೈಲಿನ ಬಾಗಿಲು ತೆರೆಯಿತು. ಪಟಾಕಿ, ಸಕ್ಕರೆ ಇಲ್ಲದ ಪಾನಕ.
ಮೀನಖಂಡದಲ್ಲೊಂದು ಗುಂಡು ಇಟ್ಟುಕೊಂಡು ರಾಜಪ್ಪ ಮನೆಗೆ ಬಂದ.
ಮರುವಾರ ನಮ್ಮಂಗಡಿಯ ಮುಂದೆ ಸಾಲು:
"ಇವರನ್ನು ತೆಗೆದು ಇವರನ್ನು ಹಾಕಿ."
ಅಪ್ಪ ಯಾರನ್ನೂ ತೆಗೆಯಲಿಲ್ಲ. ರಟ್ಟಿಗೂ ಬರ ಆಗ.
ಹೊಸಬರ ಬೆನ್ನಿಗೆ ಹಳಬರನ್ನೇ ಆನಿಸಿ ಮೊಳೆ ಹೊಡೆದ.
ದುಡ್ಡು ಮಾತ್ರ ರಟ್ಟಿಗೂ ಸೇರಿಸಿ ತೆಗೆದುಕೊಂಡ.

ದಿವಾನರ ಕಚೇರಿ ಮಂತ್ರಿಗಳ ಕಚೇರಿಯಾಯಿತು.
ಬಾಗಿಲಲ್ಲಿ ಅದೇ ಜವಾನ, ಕಾಯಲು ಅದೇ ಬೆಂಚು.
ತೂಕದ ಕಲ್ಲಿನ ಮುದ್ರೆ ಬದಲಾಯಿತು, ಕಲ್ಲು ಬೆಳೆಯಲಿಲ್ಲ.
ಪಿಂಚಣಿ ಕೇಳಿದ ರಾಜಪ್ಪನಿಗೆ ಗುಮಾಸ್ತ
"ಜೈಲಿನ ಕಾಗದ ಎಲ್ಲಿ?" ಎಂದ.
ರಾಜಪ್ಪ ಪಂಚೆ ಮೇಲೆತ್ತಿ ಕಾಲು ತೋರಿಸಿದ.
"ಇದು ಕಾಗದವಲ್ಲ."

ಆದರೆ ಇದೂ ನಡೆದದ್ದೇ:
ಮೊದಲ ಸಲ ಬೆರಳಿಗೆ ಮಸಿ ಹಾಕಿಸಿಕೊಂಡು ಬಂದ ಮುನಿತಾಯಮ್ಮ
ಮೂರು ದಿನ ಆ ಕೈಗೆ ನೀರು ಸೋಕಿಸಲಿಲ್ಲ.
ಪಾತ್ರೆಗಳನ್ನು ರಾಜಪ್ಪನೇ ತೊಳೆದ,
ಕುಂಟುತ್ತ, ಗೊಣಗುತ್ತ, ನೆರೆಯವರಿಗೆಲ್ಲ ಕರೆದು ತೋರಿಸುತ್ತ.

ಹೊಸ ಗಾಜು ಕೊಯ್ದೆ. ಎಲ್ಲರನ್ನೂ ಇದ್ದ ಹಾಗೇ ಜೋಡಿಸಿದೆ,
ತಿಮ್ಮಪ್ಪ, ಟೋಪಿಗಳು, ಮಹಾರಾಜರು.
ಮೊಳೆ ಹೊಡೆಯುವ ಮುಂಚೆ
ಕಾರ್ಡನ್ನೊಮ್ಮೆ ಕಿಟಕಿಯ ಬೆಳಕಿಗೆ ಹಿಡಿದೆ.
ವಾರಕ್ಕೊಂದು ಚೌಕ, ಚೌಕಕ್ಕೊಂದು ಸಹಿ.
ಅಕ್ಟೋಬರಿನ ಎರಡನೇ ವಾರ ಖಾಲಿ.
ಆ ಮನೆಗೆ ಎರಡು ಸೇರು ರಾಗಿ
ಇನ್ನೂ ಬರಬೇಕು.